ಕಡಿಮೆ ಬೆಲೆಯ ಆ್ಯಂಡ್ರಾಯ್ಡ್ ಫೋನು: ಹೊಲದ ಕೆಲಸಕ್ಕೆ ಕೊಳ್ಳೋದು, ಬಳಸೋದು, ಕಾಯೋದು

ಈ ವಾರ ಗೊಬ್ಬರ, ಕೀಟ, ರೋಗ ಯಾವುದೂ ಅಲ್ಲ. ಜೇಬಿನಲ್ಲಿರೋ ಫೋನಿನ ಬಗ್ಗೆ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆಯ ಹುಡುಗರು ಕಬ್ಬು, ಅರಿಷಿಣ, ದಾಳಿಂಬೆ ಅಂತ ಶುರು ಮಾಡಿದ ಮಾತು ಕೊನೆಗೆ ಬಂದು ನಿಲ್ಲೋದು ಇಲ್ಲೇ: "ಸರ್, ಬೆಳೆ ಸಮೀಕ್ಷೆ ಆ್ಯಪ್ ಓಪನ್ ಆಗವಲ್ದು", "ಮೆಮೊರಿ ಫುಲ್ ಅಂತ ಬರಾಕತ್ತೈತಿ", "ಯಾವ ಫೋನ್ ತಗೋಳೋಣ್ರಿ ಹತ್ತು ಸಾವಿರದಾಗ?"

ಹತ್ತು ವರ್ಷದ ಹಿಂದೆ ಫೋನು ಕೆಟ್ಟರೆ ಮಾತಾಡೋಕೆ ಆಗ್ತಿರಲಿಲ್ಲ, ಅಷ್ಟೇ. ಈಗ ಬ್ಯಾಂಕಿನ ಓಟಿಪಿ, ಫ್ರೂಟ್ಸ್ ಐಡಿ, ಪಿಎಂ ಕಿಸಾನ್ ಇ-ಕೆವೈಸಿ, ವಿಮೆಯ ಅರ್ಜಿ, ಉತಾರ, ಫ್ಯಾಕ್ಟರಿಯ ತೂಕದ ಮೆಸೇಜು ಎಲ್ಲಾ ಅದರಲ್ಲೇ ಬಂದು ಕೂತಿವೆ. ಫೋನ್ ಸರಿ ಇಲ್ಲದಿದ್ದರೆ ಹೊಲದ ದುಡ್ಡಿಗೇ ಕುತ್ತು. ಹಾಗಾಗಿ ಟ್ರ್ಯಾಕ್ಟರ್ ಕೊಳ್ಳುವಾಗ ಕೇಳುವಷ್ಟು ಪ್ರಶ್ನೆಗಳನ್ನು ಇದಕ್ಕೂ ಕೇಳಬೇಕು.

ಅಂಗಡಿಯಲ್ಲಿ ಏನು ನೋಡಬೇಕು

ನಮ್ಮ ದೇಶದಲ್ಲಿ ಅಗ್ಗದ ಸ್ಮಾರ್ಟ್‌ಫೋನಿನ ಪ್ರಯತ್ನ ಹೊಸದೇನಲ್ಲ. 2014ರ ಸೆಪ್ಟೆಂಬರ್‌ನಲ್ಲಿ ಗೂಗಲ್ 'ಆ್ಯಂಡ್ರಾಯ್ಡ್ ಒನ್' ಹೆಸರಲ್ಲಿ ಮೈಕ್ರೋಮ್ಯಾಕ್ಸ್, ಕಾರ್ಬನ್, ಸ್ಪೈಸ್ ಕಂಪನಿಗಳ ಜೊತೆ ಸೇರಿ 6,399 ರೂಪಾಯಿಯಿಂದ ಫೋನು ತಂದಿತು. 2021ರ ದೀಪಾವಳಿಗೆ 6,499ಕ್ಕೆ ಜಿಯೋಫೋನ್ ನೆಕ್ಸ್ಟ್ ಬಂತು. ಕಡಿಮೆ ರ‍್ಯಾಮ್ ಇರೋ ಫೋನುಗಳಿಗಾಗಿಯೇ 'ಗೋ ಎಡಿಷನ್' ಅಂತ ಹಗುರ ಮಾಡಿದ ಆ್ಯಂಡ್ರಾಯ್ಡ್ ಕೂಡ ಇದೆ. ಮಾತು, ವಾಟ್ಸಾಪ್, ವಿಡಿಯೋಗೆ ಇವು ಸಾಕು. ಆದರೆ ನಮಗೆ ಬೇಕಿರೋದು ಮಟಮಟ ಮಧ್ಯಾಹ್ನ ಹೊಲದ ನಡುವೆ ನಿಂತು ಜಿಪಿಎಸ್ ಹಿಡಿದು, ಫೋಟೋ ತೆಗೆದು, ಅದನ್ನ ಕಳಿಸೋ ಫೋನು. ಅಂಗಡಿಯವರು ತೋರಿಸೋ ಗುಣಗಳೇ ಬೇರೆ, ನಮಗೆ ಬೇಕಾದ ಗುಣಗಳೇ ಬೇರೆ.

ಮೊದಲನೆಯದು ರ‍್ಯಾಮ್. ಡಬ್ಬಿ ಮೇಲೆ "8 ಜಿಬಿ" ಅಂತ ದೊಡ್ಡದಾಗಿ ಬರೆದು, ಕೆಳಗೆ ಸಣ್ಣಕ್ಷರದಲ್ಲಿ "4+4" ಅಂತ ಹಾಕಿರ್ತಾರೆ. ಎರಡನೇ 4 ನಿಜವಾದ ರ‍್ಯಾಮ್ ಅಲ್ಲ. ಸ್ಟೋರೇಜಿನ ಒಂದಷ್ಟು ಜಾಗವನ್ನ ರ‍್ಯಾಮ್ ಥರ ಬಳಸೋದು, ಅಷ್ಟೇ. ಟ್ರ್ಯಾಕ್ಟರ್‌ಗೆ ಎರಡು ಟ್ರೇಲರ್ ಕಟ್ಟಿದ ಮಾತ್ರಕ್ಕೆ ಎಚ್‌ಪಿ ಹೆಚ್ಚಾಗಲ್ಲ. ನಿಜವಾದ ರ‍್ಯಾಮ್ 4 ಜಿಬಿ ಇರಲಿ, ಸ್ಟೋರೇಜ್ 64 ಜಿಬಿಗಿಂತ ಕಡಿಮೆ ಬೇಡ, ಸಾಧ್ಯವಾದರೆ 128. ಕ್ಯಾಮೆರಾದ ಮೆಗಾಪಿಕ್ಸೆಲ್‌ಗೆ ಕೊಡೋ ಹೆಚ್ಚಿನ ಸಾವಿರ ರೂಪಾಯಿಯನ್ನ ಸ್ಟೋರೇಜಿಗೆ ಕೊಡಿ. ಹಿಂದುಗಡೆ ನಾಲ್ಕು ಕಣ್ಣು ಕಂಡರೆ ಖುಷಿಪಡಬೇಡಿ. ಅಗ್ಗದ ಫೋನಿನಲ್ಲಿ ಅದರಲ್ಲಿ ಒಂದು ಮಾತ್ರ ಕೆಲಸದ್ದು, ಉಳಿದವು ಹೆಚ್ಚಾಗಿ ಹಣೆಗೆ ಇಟ್ಟ ಬೊಟ್ಟು.

ಎರಡನೆಯದನ್ನ ಯಾರೂ ನೋಡಲ್ಲ: ಬಿಸಿಲಲ್ಲಿ ಪರದೆ ಕಾಣುತ್ತಾ? ಅಂಗಡಿಯ ಟ್ಯೂಬ್‌ಲೈಟ್ ಕೆಳಗೆ ಎಲ್ಲಾ ಫೋನೂ ಚಂದ. ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಅಂಗಡಿಗೆ ಹೋಗಿ. ತೋರಿಸೋಕೆ ಇಟ್ಟ ಫೋನನ್ನ ಬೆಳಕು ಪೂರ್ತಿ ಏರಿಸಿ ಬಾಗಿಲ ಹೊರಗೆ ಹಿಡಿದು ನೋಡಿ. ಅಲ್ಲಿ ಅಕ್ಷರ ಕಾಣದಿದ್ದರೆ ನಿಮ್ಮ ಹೊಲದಲ್ಲೂ ಕಾಣಲ್ಲ. ಅಂಗಡಿಯವ "ಯಾಕ್ರಿ ಹೊರಗ?" ಅಂದರೆ "ನಮ್ಮ ಆಫೀಸು ಹೊರಗ ಐತಿ" ಅನ್ನಿ.

ಮೂರನೆಯದು ದಿಕ್ಸೂಚಿ, ಅಂದರೆ ಕಂಪಾಸ್ ಸೆನ್ಸರ್. ಬೆಲೆ ಇಳಿಸೋಕೆ ಕಂಪನಿಗಳು ಮೊದಲು ಕಿತ್ತು ಹಾಕೋದು ಇಂಥವನ್ನೇ. ಇದಿಲ್ಲದಿದ್ದರೂ ಜಿಪಿಎಸ್ ನೀವಿರುವ ಜಾಗ ತೋರಿಸುತ್ತೆ, ಆದರೆ ನೀವು ಯಾವ ಕಡೆ ಮುಖ ಮಾಡಿ ನಿಂತಿದ್ದೀರಿ ಅಂತ ಅದಕ್ಕೆ ಗೊತ್ತಾಗಲ್ಲ. ನಕ್ಷೆ ನೋಡಿ ಬದು ಹುಡುಕುವಾಗ ಇದರ ಬೆಲೆ ತಿಳಿಯುತ್ತೆ. ಗೂಗಲ್ ಮ್ಯಾಪ್ ತೆಗೆದು ನಿಂತಲ್ಲೇ ತಿರುಗಿ. ನೀಲಿ ಚುಕ್ಕೆಯ ಮುಂದಿನ ಬೆಳಕಿನ ಕೋನ ನಿಮ್ಮ ಜೊತೆ ತಿರುಗಿದರೆ ಸೆನ್ಸರ್ ಇದೆ.

5ಜಿ ಬೇಕಾ? ನಿಮ್ಮ ಹೊಲದಲ್ಲಿ 4ಜಿ ಸರಿಯಾಗಿ ಸಿಕ್ಕರೆ ಈ ಲೇಖನದಲ್ಲಿ ಹೇಳೋ ಎಲ್ಲಾ ಕೆಲಸ ಆಗುತ್ತೆ. 5ಜಿ ಫೋನೇ ಬೇಕು ಅಂದರೆ ನಿಮ್ಮ ಸಿಮ್ ಹಾಕಿ ಅಂಗಡಿಯಲ್ಲೇ ನೋಡಿ. ಅಗ್ಗದ ಕೆಲವು 5ಜಿ ಫೋನುಗಳು ಒಂದೇ ಬಗೆಯ 5ಜಿ ಜಾಲಕ್ಕೆ ಹೊಂದುತ್ತವೆ. ಬೇರೆ ಕಂಪನಿಯ ಸಿಮ್ ಹಾಕಿದರೆ ಅದೂ 4ಜಿಯಲ್ಲೇ ಓಡುತ್ತೆ. ಅದಕ್ಕಿಂತ ಮುಖ್ಯ, ಎಷ್ಟು ವರ್ಷ ಸೆಕ್ಯುರಿಟಿ ಅಪ್‌ಡೇಟ್ ಕೊಡ್ತಾರೆ ಅಂತ ಕೇಳಿ. ಎರಡು ವರ್ಷ ಅನ್ನುವವರಿದ್ದಾರೆ, ಹೆಚ್ಚುಕಡಿಮೆ ಅದೇ ಬೆಲೆಗೆ ನಾಲ್ಕು ವರ್ಷ ಅನ್ನುವವರೂ ಇದ್ದಾರೆ. ಬ್ಯಾಂಕಿನ ಆ್ಯಪ್ ಇಟ್ಟುಕೊಳ್ಳೋ ಫೋನಿಗೆ ಇದು ದೊಡ್ಡ ವ್ಯತ್ಯಾಸ.

ಕಂತಿನ ಮೇಲೆ ತಗೊಳ್ಳೋರಿಗೆ ಒಂದು ಮಾತು. ಕೆಲವು ಸಾಲದ ಕಂಪನಿಗಳು ಫೋನಿನಲ್ಲಿ ಒಂದು ಲಾಕ್ ಆ್ಯಪ್ ಹಾಕಿ ಕೊಡುತ್ತವೆ. ಕಂತು ತಪ್ಪಿದರೆ ಎಲ್ಲೋ ಕೂತು ನಿಮ್ಮ ಫೋನ್ ಬಂದ್ ಮಾಡಬಹುದು. ನಮ್ಮ ಆದಾಯ ತಿಂಗಳಾ ತಿಂಗಳಾ ಬರೋದಲ್ಲ, ಕಬ್ಬಿನ ಬಿಲ್ ಬಂದಾಗ ಬರೋದು. ಬಿಲ್ ತಡವಾದ ತಿಂಗಳಲ್ಲೇ ಫೋನು ಲಾಕ್ ಆಗಿ, ಅದೇ ವಾರ ವಿಮೆ ಕಟ್ಟೋ ಕೊನೇ ದಿನ ಬಂದರೆ? ಕೈಲಿರೋ ದುಡ್ಡಿಗೆ ಸಿಗೋ ಫೋನೇ ಒಳ್ಳೇದು ಅನ್ನೋದು ನನ್ನ ಅಭಿಪ್ರಾಯ.

ಜಿಮೇಲ್ ಖಾತೆ ಯಾರ ಹೆಸರಲ್ಲಿದೆ?

ನಮ್ಮ ಕಡೆ ಎಫ್‌ಆರ್‌ಪಿ ಅಂದರೆ ಚಿಕ್ಕ ಹುಡುಗರೂ ಕಬ್ಬಿನ ದರ ಅಂತಾರೆ. ಮೊಬೈಲ್ ರಿಪೇರಿ ಅಂಗಡಿಯಲ್ಲಿ ಎಫ್‌ಆರ್‌ಪಿ ಅಂದರೆ ಬೇರೆಯೇ: ಫ್ಯಾಕ್ಟರಿ ರಿಸೆಟ್ ಪ್ರೊಟೆಕ್ಷನ್. ಫೋನನ್ನು ಪೂರ್ತಿ ಅಳಿಸಿ ಮತ್ತೆ ಶುರು ಮಾಡಿದಾಗ, ಮೊದಲು ಅದರಲ್ಲಿದ್ದ ಗೂಗಲ್ ಖಾತೆಯ ಪಾಸ್‌ವರ್ಡ್ ಅಥವಾ ಹಳೆಯ ಲಾಕ್ ಕೇಳುತ್ತೆ. ಕದ್ದವನಿಗೆ ಫೋನ್ ಉಪಯೋಗಕ್ಕೆ ಬರಬಾರದು ಅಂತ ಮಾಡಿದ ಬಂದೋಬಸ್ತು.

ತೊಂದರೆ ಎಲ್ಲಿ ಅಂದರೆ, ಹೊಸ ಫೋನು ಕೊಂಡಾಗ ಜಿಮೇಲ್ ಖಾತೆ ಮಾಡಿ ಕೊಡೋದು ಬಹಳ ಸಲ ಅಂಗಡಿಯ ಹುಡುಗ. ಹೆಸರಿಗೆ ಏನೋ ಒಂದು ಹಾಕ್ತಾನೆ, ಪಾಸ್‌ವರ್ಡ್ ಅವನಿಗಷ್ಟೇ ಗೊತ್ತು, ಮರುಪಡೆಯೋ ನಂಬರು ಅವನದೇ. ಎರಡು ವರ್ಷ ಆದ ಮೇಲೆ ಫೋನು ಹ್ಯಾಂಗ್ ಆಗಿ ರಿಸೆಟ್ ಮಾಡಿದರೆ ಬಾಗಿಲು ಹಾಕಿಕೊಂಡು ಬಿಡುತ್ತೆ. ಫೋಟೋ, ಕಾಂಟ್ಯಾಕ್ಟು, ವಾಟ್ಸಾಪ್ ಬ್ಯಾಕಪ್ ಎಲ್ಲಾ ಆ ಖಾತೆಯಲ್ಲಿ, ಕೀಲಿ ಬೇರೆಯವರ ಹತ್ತಿರ. ನಿಮ್ಮ ಹೊಲದ ಉತಾರ ಬೇರೆಯವರ ಹೆಸರಲ್ಲಿ ಇದ್ದ ಹಾಗೆ.

ಇವತ್ತೇ ನೋಡಿ. ಸೆಟ್ಟಿಂಗ್ಸ್ ಒಳಗೆ 'ಗೂಗಲ್' ಒತ್ತಿದರೆ ಮೇಲೆ ಖಾತೆಯ ವಿಳಾಸ ಕಾಣುತ್ತೆ. ಅದು ನಿಮ್ಮದಾ? ಪಾಸ್‌ವರ್ಡ್ ಗೊತ್ತಾ? 'ಸೆಕ್ಯುರಿಟಿ' ವಿಭಾಗದಲ್ಲಿ ಮರುಪಡೆಯೋ ಫೋನ್ ನಂಬರು ನಿಮ್ಮ ಮನೆಯದಾ? ಇಲ್ಲ ಅಂದರೆ ಬದಲಿಸಿ. ಮರುಪಡೆಯೋದಕ್ಕೆ ನಿಮ್ಮದೇ ನಂಬರಿನ ಜೊತೆ ಮನೆಯ ಇನ್ನೊಬ್ಬರ ಇಮೇಲ್ ಹಾಕಿ. ಪಾಸ್‌ವರ್ಡನ್ನ ಮನೆಯಲ್ಲಿ ಉತಾರ, ಆಧಾರ್ ಇಡೋ ಚೀಲದಲ್ಲಿ ಒಂದು ಹಾಳೆ ಮೇಲೆ ಬರೆದಿಡಿ. ಪೇಟೆ ಮಂದಿ ಪಾಸ್‌ವರ್ಡ್ ಬರೆದಿಡಬೇಡಿ ಅಂತಾರೆ. ನಾನು ಬರೆದಿಡಿ ಅಂತೀನಿ. ನಮ್ಮಲ್ಲಿ ಪಾಸ್‌ವರ್ಡ್ ಕದಿಯೋರಿಗಿಂತ ಮರೆಯೋರು ಹೆಚ್ಚು. ಆದರೆ ಯುಪಿಐ ಪಿನ್ ಮಾತ್ರ ಎಲ್ಲೂ ಬರೆಯಬೇಡಿ.

ಫೋನು ಕಳೆದರೆ ಬೇಕಾಗೋದು ಐಎಂಇಐ ನಂಬರು. *#06# ಒತ್ತಿದರೆ 15 ಅಂಕಿ ಬರುತ್ತವೆ, ಎರಡು ಸಿಮ್ ಇದ್ದರೆ ಎರಡು ನಂಬರು. ಅದೇ ಹಾಳೆಯಲ್ಲಿ ಅದನ್ನೂ ಬರೆದು, ಬಿಲ್ಲು ಜೊತೆಗಿಡಿ. 2023ರಲ್ಲಿ ಶುರುವಾದ ಕೇಂದ್ರದ 'ಸಂಚಾರ ಸಾಥಿ' ತಾಣದಲ್ಲಿ ಪೊಲೀಸ್ ದೂರಿನ ಪ್ರತಿ ಕೊಟ್ಟು ಐಎಂಇಐ ಬ್ಲಾಕ್ ಮಾಡಿಸಬಹುದು. ಆಮೇಲೆ ಆ ಫೋನಿಗೆ ಯಾವ ಸಿಮ್ ಹಾಕಿದರೂ ನಡೆಯಲ್ಲ. ಸೆಕೆಂಡ್ ಹ್ಯಾಂಡ್ ಫೋನು ಕೊಳ್ಳೋರೂ ಮೊದಲು ಅಲ್ಲೇ ಐಎಂಇಐ ಹಾಕಿ, ಅದು ಬ್ಲಾಕ್ ಆದ ಫೋನಾ ಅಂತ ನೋಡ್ಕೊಳ್ಳಿ.

ಬೆಳೆದದ್ದೊಂದು, ದಾಖಲೆಯಲ್ಲಿ ಇನ್ನೊಂದು

ಈಗ ಮುಖ್ಯ ವಿಷಯ. 2020ರ ಮುಂಗಾರಿನಿಂದ ಕರ್ನಾಟಕದಲ್ಲಿ ರೈತರೇ ತಮ್ಮ ಬೆಳೆಯ ವಿವರವನ್ನ ಮೊಬೈಲಿನಲ್ಲಿ ದಾಖಲು ಮಾಡೋ ಅವಕಾಶ ಬಂತು. ಮುಂಗಾರು, ಹಿಂಗಾರು, ಬೇಸಿಗೆ ಅಂತ ಹಂಗಾಮಿಗೊಂದು ಸಮೀಕ್ಷೆ. ನೀವು ಮಾಡದಿದ್ದರೆ ಗ್ರಾಮಕ್ಕೆ ನೇಮಿಸಿದ ಖಾಸಗಿ ನಿವಾಸಿ, ಅಂದರೆ ಪಿಆರ್ ಬಂದು ಮಾಡ್ತಾರೆ. ಅವರಿಗೆ ನೂರಾರು ಪ್ಲಾಟು. ದಾರಿಯಿಂದ ಒಳಗಿರೋ ನಿಮ್ಮ ಹೊಲದ ಒಳಸಾಲಿನಲ್ಲಿ ಏನಿದೆ ಅಂತ ಅವರು ಇಣುಕಿ ನೋಡ್ತಾರೆ ಅನ್ನೋ ಖಾತ್ರಿ ಇಲ್ಲ.

ಇದರಲ್ಲಿ ಏನು ಹೋಗುತ್ತೆ? ನೆರೆ ಪರಿಹಾರ, ಬೆಂಬಲ ಬೆಲೆ ಖರೀದಿ, ಬೆಳೆ ವಿಮೆ ಎಲ್ಲದಕ್ಕೂ ಈ ಸಮೀಕ್ಷೆಯ ಮಾಹಿತಿಯನ್ನೇ ನೋಡ್ತಾರೆ. ನೀವು ಮೆಕ್ಕೆಜೋಳಕ್ಕೆ ವಿಮೆ ಕಟ್ಟಿದ್ದೀರಿ, ಸಮೀಕ್ಷೆಯಲ್ಲಿ ಅದೇ ಸರ್ವೆ ನಂಬರಿಗೆ ಕಬ್ಬು ಅಂತ ಬಂದಿದೆ ಅಂದರೆ ಎರಡೂ ತಾಳೆಯಾಗಲ್ಲ, ಪರಿಹಾರ ನಿಲ್ಲುತ್ತೆ. ಮುಂಗಾರಿನಲ್ಲಿ ಶೇಕಡಾ 2, ಹಿಂಗಾರಿನಲ್ಲಿ 1.5, ವಾಣಿಜ್ಯ ಮತ್ತು ತೋಟಗಾರಿಕೆ ಬೆಳೆಗೆ 5ರವರೆಗೆ ಕಂತು ಕಟ್ಟಿದ್ದು ಅಲ್ಲಿಗೆ ನೀರಿನಲ್ಲಿ ಹೋಮ. 2019ರ ಆಗಸ್ಟ್‌ನಲ್ಲಿ ಕೃಷ್ಣೆ, ಘಟಪ್ರಭೆ ಎರಡೂ ಒಮ್ಮೆಲೇ ಏರಿ ಜಮಖಂಡಿ, ಮುಧೋಳದ ನದಿದಂಡೆಯ ಊರುಗಳು ಮುಳುಗಿದ್ದು ನಮಗೆಲ್ಲಾ ನೆನಪಿದೆ. ನೀರು ಇಳಿದ ಮೇಲೆ ಹೊಲದಲ್ಲಿ ಉಳಿದದ್ದು ಕೆಸರು. ಏನು ಬೆಳೆದಿದ್ದೆ ಅಂತ ಕೆಸರು ಹೇಳಲ್ಲ, ಅದಕ್ಕಿಂತ ಮೊದಲು ಮಾಡಿದ ದಾಖಲೆ ಹೇಳಬೇಕು.

ನನ್ನಂಥ ಸಾವಯವ, ಮಿಶ್ರಬೆಳೆಯವರಿಗೆ ಇದು ಇನ್ನೂ ಮುಖ್ಯ. ಅರಿಷಿಣದ ನಡುವೆ ಮೆಣಸಿನಕಾಯಿ, ಬದುವಿಗೆ ಔಡಲ, ಕಬ್ಬಿನ ಸಾಲಿನಲ್ಲಿ ಉಳ್ಳಾಗಡ್ಡಿ. ದೂರದಿಂದ ನೋಡಿದವರು ಒಂದೇ ಬೆಳೆ ಬರೀತಾರೆ. ಆ್ಯಪ್‌ನಲ್ಲಿ ಮಿಶ್ರಬೆಳೆ ಅಂತ ಆರಿಸಿ, ಎಕರೆ-ಗುಂಟೆ ಹಂಚಿ ಹಾಕೋ ಅವಕಾಶ ಇದೆ. ನೀವೇ ಮಾಡಿದರೆ ಮಾತ್ರ ಅದು ಸರಿಯಾಗಿ ಬರುತ್ತೆ.

ಮಾಡೋ ಕ್ರಮ ಹೀಗೆ. ಆ ಹಂಗಾಮಿನ ಆ್ಯಪನ್ನ ಪ್ಲೇ ಸ್ಟೋರಿನಿಂದಲೇ ಇಳಿಸಿ. ಹಿಂದಿನ ವರ್ಷದ್ದು ನಡೆಯಲ್ಲ, ಬಹಳ ಜನ ಇಲ್ಲೇ ಎಡವ್ತಾರೆ. ಮನೆಯಲ್ಲಿ ನೆಟ್‌ವರ್ಕ್ ಇದ್ದಾಗಲೇ ಲಾಗಿನ್ ಆಗಿ ನಿಮ್ಮ ಸರ್ವೆ ನಂಬರಿನ ವಿವರ ಮತ್ತು ಗಡಿ ರೇಖೆ ಡೌನ್‌ಲೋಡ್ ಮಾಡ್ಕೊಳ್ಳಿ. ಲೊಕೇಶನ್ ಆನ್ ಮಾಡಿ ಹೊಲಕ್ಕೆ ಹೋಗಿ. ಬದುವಿನ ಮೇಲೆ ಅಲ್ಲ, ಹೊಲದ ನಡುವೆ ನಿಲ್ಲಿ. ಗಡಿಯ ಒಳಗೆ ಇದ್ದೀರಿ ಅಂತ ಜಿಪಿಎಸ್ ಹೇಳಿದರೆ ಮಾತ್ರ ಮುಂದಕ್ಕೆ ಹೋಗುತ್ತೆ. ಅಗ್ಗದ ಫೋನಿನ ಜಿಪಿಎಸ್ ಐದಾರು ಮೀಟರ್ ಆಚೀಚೆ ತೋರಿಸೋದು ಸಾಮಾನ್ಯ. ನಿಮ್ಮದು ಅಗಲ ಕಡಿಮೆ ಇರೋ ಪಟ್ಟಿ ಹೊಲ ಆದರೆ ನೀವು ನಿಮ್ಮ ಹೊಲದಲ್ಲೇ ನಿಂತಿದ್ದರೂ ಪಕ್ಕದವರ ಹೊಲದಲ್ಲಿ ಇದ್ದೀರಿ ಅನ್ನುತ್ತೆ. ಅವಸರ ಬೇಡ. ಗಿಡದ ನೆರಳು, ತಗಡಿನ ಶೆಡ್ಡು, ಎತ್ತರಕ್ಕೆ ಬೆಳೆದ ಕಬ್ಬು ಬಿಟ್ಟು ಆಕಾಶ ಪೂರ್ತಿ ಕಾಣೋ ಕಡೆ ಎರಡು-ಮೂರು ನಿಮಿಷ ಸುಮ್ಮನೆ ನಿಲ್ಲಿ. ಬಹಳ ಹೊತ್ತು ಆಫ್ ಇದ್ದ ಜಿಪಿಎಸ್‌ಗೆ ಉಪಗ್ರಹಗಳನ್ನ ಹುಡುಕೋಕೆ ಅಷ್ಟು ಸಮಯ ಬೇಕು. ಆಮೇಲೆ ಬೆಳೆ, ನೀರಾವರಿ ಬಗೆ, ವಿಸ್ತೀರ್ಣ ಹಾಕಿ ಫೋಟೋ ತೆಗೆಯಿರಿ. ನೆಟ್‌ವರ್ಕ್ ಇಲ್ಲದಿದ್ದರೆ ಫೋನಿನಲ್ಲೇ ಉಳಿದಿರುತ್ತೆ, ಮನೆಗೆ ಬಂದು ಅಪ್‌ಲೋಡ್ ಒತ್ತಲೇಬೇಕು. ಒತ್ತೋದನ್ನ ಮರೆತು "ನಾ ಮಾಡೀನಿ" ಅನ್ನೋರು ಊರಿಗೆ ಹತ್ತು ಮಂದಿ ಸಿಗ್ತಾರೆ.

ಅಲ್ಲಿಗೆ ಮುಗಿಯಲ್ಲ. ಕೆಲವು ದಿನ ಬಿಟ್ಟು 'ಬೆಳೆ ದರ್ಶಕ' ಆ್ಯಪ್‌ನಲ್ಲಿ ನಿಮ್ಮ ಸರ್ವೆ ನಂಬರು ಹಾಕಿ ಏನು ದಾಖಲಾಗಿದೆ, ಯಾವ ಫೋಟೋ ಇದೆ ಅಂತ ನೋಡಿ. ಪಿಆರ್ ಮಾಡಿದ್ದಾದರೂ ಅಲ್ಲಿ ಕಾಣುತ್ತೆ. ತಪ್ಪಿದ್ದರೆ ಅದೇ ಆ್ಯಪ್‌ನಲ್ಲಿ ಆಕ್ಷೇಪಣೆ ಹಾಕಬಹುದು, ಆದರೆ ಅದಕ್ಕೆ ಗಡುವು ಇರುತ್ತೆ. ನೋಡಿದ ಪರದೆಯ ಸ್ಕ್ರೀನ್‌ಶಾಟ್ ತೆಗೆದಿಡಿ.

ಆಲಿಕಲ್ಲು ಬಿದ್ದರೆ, ಹೊಲಕ್ಕೆ ನೀರು ನುಗ್ಗಿದರೆ ಫಸಲ್ ಬಿಮಾ ಯೋಜನೆಯಲ್ಲಿ 72 ಗಂಟೆಯೊಳಗೆ ತಿಳಿಸಬೇಕು. 'ಕ್ರಾಪ್ ಇನ್ಶೂರೆನ್ಸ್' ಆ್ಯಪ್‌ನಲ್ಲಿ, ಇಲ್ಲವೇ 14447 ನಂಬರಿಗೆ ಕರೆ ಮಾಡಿ. ಮಳೆ ನಿಂತ ಮೇಲೆ ನೋಡಿದರಾಯ್ತು ಅನ್ನೋ ಹೊತ್ತಿಗೆ ಎರಡು ದಿನ ಹೋಗಿರುತ್ತೆ. ಅದಕ್ಕೇ ವಿಮೆಯ ಅರ್ಜಿ ಸಂಖ್ಯೆಯ ಫೋಟೋ ಈಗಲೇ ಗ್ಯಾಲರಿಯಲ್ಲಿ ಬೇರೆ ಆಲ್ಬಮ್ ಮಾಡಿ ಇಟ್ಟಿರಿ.

ಇನ್ನು 'ದಿಶಾಂಕ್'. ರಾಜ್ಯದ ದೂರ ಸಂವೇದಿ ಕೇಂದ್ರ ಮಾಡಿದ್ದು, ನೀವು ನಿಂತ ಜಾಗದ ಸರ್ವೆ ನಂಬರು ತೋರಿಸುತ್ತೆ. ಹೊಲ ಕೊಳ್ಳೋಕೆ, ಲಾವಣಿಗೆ ಹಿಡಿಯೋಕೆ ಹೋದಾಗ ಬಹಳ ಉಪಯೋಗ. ಆದರೆ ಅದರ ಗೆರೆ ಹಿಡಿದು ಬದುವಿಗೆ ಜಗಳ ತೆಗೀಬ್ಯಾಡ್ರಿ. ಹಳೆಯ ಗ್ರಾಮ ನಕಾಶೆಯನ್ನ ಉಪಗ್ರಹ ಚಿತ್ರದ ಮೇಲೆ ಕೂರಿಸಿದ್ದು ಅದು, ಅದಕ್ಕೆ ನಿಮ್ಮ ಫೋನಿನ ಜಿಪಿಎಸ್ ವ್ಯತ್ಯಾಸವೂ ಸೇರುತ್ತೆ. ಹದ್ದು ಗುರುತಿಸೋದು ಭೂಮಾಪಕರ ಕೆಲಸ, ಎಂಟು ಸಾವಿರದ ಫೋನಿನದ್ದಲ್ಲ.

ಎಲೆಯ ಫೋಟೋ ಹೇಗೆ ತೆಗೀಬೇಕು

ನನಗೆ ಬರೋ ಫೋಟೋಗಳಲ್ಲಿ ಅರ್ಧದಷ್ಟು ನೋಡಿ ಏನೂ ಹೇಳೋಕಾಗಲ್ಲ. ಮಸುಕು, ಬಿಸಿಲಿಗೆ ಬೆಳ್ಳಗಾದ ಎಲೆ, ಹಿಂದೆ ಯಾರದೋ ಚಪ್ಪಲಿ. ಕೃಷಿ ವಿಜ್ಞಾನ ಕೇಂದ್ರಕ್ಕೆ, ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯದ ತಜ್ಞರಿಗೆ ಕಳಿಸೋದಾದರೂ ಕನಿಷ್ಠ ನಾಲ್ಕು ಫೋಟೋ ಬೇಕು: ಹೊಲ ಪೂರ್ತಿ, ಒಂದು ಗಿಡ ಪೂರ್ತಿ, ಎಲೆಯ ಮೇಲ್ಭಾಗ, ಎಲೆಯ ಕೆಳಭಾಗ. ಹೊಲದ ಫೋಟೋ ಯಾಕೆ ಅಂದರೆ, ರೋಗ ಹೆಚ್ಚಾಗಿ ಅಲ್ಲಲ್ಲಿ ತೇಪೆ ತೇಪೆಯಾಗಿ ಬರುತ್ತೆ, ಪೋಷಕಾಂಶದ ಕೊರತೆ ಸಾಲುದ್ದಕ್ಕೂ ಒಂದೇ ಥರ ಕಾಣುತ್ತೆ. ಹತ್ತಿರದ ಫೋಟೋ ಇದನ್ನ ಹೇಳಲ್ಲ.

ನಿಮ್ಮ ನೆರಳಲ್ಲೇ ಎಲೆ ಹಿಡಿದು ತೆಗೆಯಿರಿ, ಫ್ಲ್ಯಾಶ್ ಬೇಡ. ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಟ್ಟರೆ ಚುಕ್ಕೆಯ ಅಳತೆ ಗೊತ್ತಾಗುತ್ತೆ. ಅಗ್ಗದ ಫೋನಿನ 2 ಮೆಗಾಪಿಕ್ಸೆಲ್ 'ಮ್ಯಾಕ್ರೋ' ಕ್ಯಾಮೆರಾ ಮರೆತುಬಿಡಿ. ಅದರ ಬದಲು 10 ಪಟ್ಟು ದೊಡ್ಡದಾಗಿ ಕಾಣೋ ಕೈಮಸೂರ ತಂದು ಮುಖ್ಯ ಕ್ಯಾಮೆರಾದ ಮುಂದೆ ಒತ್ತಿ ಹಿಡಿದರೆ ಥ್ರಿಪ್ಸ್, ನುಸಿ ಸ್ಪಷ್ಟ ಕಾಣ್ತವೆ. ದಾಳಿಂಬೆಯವರಿಗೆ ಇನ್ನೊಂದು ಉಪಾಯ: ಎಲೆಯನ್ನ ಬೆಳಕಿಗೆ ಅಡ್ಡ ಹಿಡಿದು ತೆಗೆಯಿರಿ. ದುಂಡಾಣು ಅಂಗಮಾರಿಯ ಆರಂಭದ ಚುಕ್ಕೆ ಎಣ್ಣೆ ಬಿದ್ದ ಕಾಗದದ ಥರ ಹೊಳೆಯುತ್ತೆ, ಶಿಲೀಂಧ್ರದ ಚುಕ್ಕೆ ಹಾಗೆ ಕಾಣಲ್ಲ. ಈ ರೋಗ ಬಾಗಲಕೋಟೆ, ವಿಜಯಪುರದ ಎಷ್ಟೋ ತೋಟಗಳನ್ನ ಕಿತ್ತು ಹಾಕಿಸಿದ್ದನ್ನ ನಮ್ಮ ಹಿರಿಯರು ನೋಡಿದ್ದಾರೆ. ಒಂದು ವಾರ ಮೊದಲು ಗೊತ್ತಾದರೆ ರೋಗದ ಕೊಂಬೆ ಕತ್ತರಿಸಿ ಸುಡಬಹುದು. ಕಳಿಸುವಾಗ ವಾಟ್ಸಾಪ್‌ನಲ್ಲಿ 'ಡಾಕ್ಯುಮೆಂಟ್' ಆಗಿ ಕಳಿಸಿ. ಫೋಟೋ ಆಗಿ ಕಳಿಸಿದರೆ ಅದು ಕುಗ್ಗಿಸಿ ಕಳಿಸುತ್ತೆ, ಚುಕ್ಕೆಯ ಅಂಚು ಹೋಗಿಬಿಡುತ್ತೆ.

ಫೋಟೋ ನೋಡಿ ತಾನೇ ರೋಗ ಹೇಳೋ ಆ್ಯಪ್‌ಗಳು ಕನ್ನಡದಲ್ಲೂ ಇವೆ. ಹೆಸರು ತಿಳ್ಕೊಳ್ಳೋಕೆ ಬಳಸಿ, ಔಷಧಿ ಕೊಳ್ಳೋಕೆ ಬಳಸಬೇಡಿ. ಅವು ಹುಳ ಕಂಡರೆ ಸಿಂಪಡಣೆ ಅಂತಾವೆ. 2002ರಲ್ಲಿ ಸಾಂಗ್ಲಿ ಕಡೆಯಿಂದ ಬಂದ ಬಿಳಿ ಉಣ್ಣೆ ಹೇನು ನಮ್ಮ ಕಬ್ಬನ್ನ ಹಾಳು ಮಾಡಿತ್ತಲ್ಲ, ಅದನ್ನ ಕೊನೆಗೆ ಹತೋಟಿಗೆ ತಂದದ್ದರಲ್ಲಿ ದೊಡ್ಡ ಪಾಲು ಡೈಫಾ ಅನ್ನೋ ಹುಳ ಮತ್ತು ಮೈಕ್ರೋಮಸ್ ಅನ್ನೋ ಕೀಟದ್ದು. ಆ ಡೈಫಾ ಕೂಡ ನೋಡೋಕೆ ಒಂದು ಹುಳವೇ. ಮಿತ್ರನನ್ನ ಶತ್ರು ಅಂತ ಫೋನು ಹೇಳಬಹುದು, ನೀವು ಹೇಳಬಾರದು. ಅನುಮಾನ ಇದ್ದರೆ ಕಿಸಾನ್ ಕಾಲ್ ಸೆಂಟರ್ 1800-180-1551, ಬೆಳಿಗ್ಗೆ 6ರಿಂದ ರಾತ್ರಿ 10ರವರೆಗೆ, ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡಿಲ್ಲ.

"ಪಿಎಂ ಕಿಸಾನ್ ಡಾಟ್ ಎಪಿಕೆ"

ಊರಿನ ವಾಟ್ಸಾಪ್ ಗುಂಪಿಗೆ ಒಂದು ಫೈಲು ಬರುತ್ತೆ. ಹೆಸರು ಪಿಎಂ ಕಿಸಾನ್ ಅಂತಲೋ, ಬ್ಯಾಂಕ್ ಕೆವೈಸಿ ಅಂತಲೋ, ಮದುವೆ ಆಮಂತ್ರಣ ಅಂತಲೋ ಇರುತ್ತೆ. ಕಳಿಸಿದವರು ನಿಮಗೆ ಗೊತ್ತಿರೋ ಮಾವನೇ, ಅದೇ ಮೋಸದ ಬೇರು. ಮಾವ ಕಳಿಸಿಲ್ಲ, ಮಾವನ ಫೋನು ಕಳಿಸಿದೆ. ಕೊನೆಯಲ್ಲಿ 'ಎಪಿಕೆ' ಅಂತ ಇದ್ದರೆ ಅದು ಫೋಟೋ ಅಲ್ಲ, ಪತ್ರಿಕೆ ಅಲ್ಲ, ಒಂದು ಆ್ಯಪ್. ಇನ್‌ಸ್ಟಾಲ್ ಮಾಡಿದ ತಕ್ಷಣ ಎಸ್‌ಎಂಎಸ್ ಓದೋ ಅನುಮತಿ ಕೇಳುತ್ತೆ. ಕೊಟ್ಟಿರೋ, ಆಮೇಲೆ ನಿಮಗೆ ಬರೋ ಓಟಿಪಿ ಅವರಿಗೂ ಹೋಗುತ್ತೆ. ಕಬ್ಬಿನ ಬಿಲ್ಲು ಜಮಾ ಆದ ವಾರವೇ ಖಾತೆ ಖಾಲಿ ಆದರೆ ವರ್ಷದ ದುಡಿಮೆ ಹೋದ ಹಾಗೆ.

ಪಿಎಂ ಕಿಸಾನ್ ವರ್ಷಕ್ಕೆ 6,000 ರೂಪಾಯಿ, ಮೂರು ಕಂತಿನಲ್ಲಿ ತಾನಾಗೇ ಖಾತೆಗೆ ಬರುತ್ತೆ. ಇ-ಕೆವೈಸಿ ಮಾಡಬೇಕಾದರೆ ಪ್ಲೇ ಸ್ಟೋರಿನ ಅಧಿಕೃತ ಆ್ಯಪ್‌ನಲ್ಲಿ ಮುಖ ತೋರಿಸಿ ಮಾಡಬಹುದು, 2023ರಿಂದ ಆ ಸೌಲಭ್ಯ ಇದೆ. ಯಾವ ಸರ್ಕಾರಿ ಯೋಜನೆಯೂ ವಾಟ್ಸಾಪ್‌ನಲ್ಲಿ ಆ್ಯಪ್ ಕಳಿಸಲ್ಲ. ಹಾಗೇ, ದುಡ್ಡು ಬರೋಕೆ ಯುಪಿಐ ಪಿನ್ ಒತ್ತೋ ಅಗತ್ಯವೇ ಇಲ್ಲ. ಪಿನ್ ಒತ್ತಿದರೆ ದುಡ್ಡು ಹೋಗೋದು, ಬರೋದಲ್ಲ.

ಒಂದು ಸೆಟ್ಟಿಂಗ್ ಈಗಲೇ ಬದಲಿಸಿ. ಸೆಟ್ಟಿಂಗ್ಸ್‌ನಲ್ಲಿ 'ಇನ್‌ಸ್ಟಾಲ್ ಅನ್‌ನೋನ್ ಆ್ಯಪ್ಸ್' ಅಂತ ಹುಡುಕಿ. ಅಲ್ಲಿ ವಾಟ್ಸಾಪ್, ಕ್ರೋಮ್, ಫೈಲ್ಸ್ ಎಲ್ಲದರ ಮುಂದೆಯೂ ಅನುಮತಿ ಬಂದ್ ಇರಲಿ. ಮನೆಯ ಹಿರಿಯರ ಫೋನಿನಲ್ಲೂ ನೀವೇ ಮಾಡಿಕೊಡಿ.

ಆಗಲೇ ಒತ್ತಿಬಿಟ್ಟಿದ್ದರೆ? ಮೊದಲು ಏರೋಪ್ಲೇನ್ ಮೋಡ್, ಆಮೇಲೆ ಸಿಮ್ ಹೊರಗೆ. ಬೇರೆ ಫೋನಿನಿಂದ ಬ್ಯಾಂಕಿಗೆ ಹೇಳಿ ಖಾತೆ ಬಂದ್ ಮಾಡಿಸಿ, ತಕ್ಷಣ 1930ಕ್ಕೆ ಕರೆ ಮಾಡಿ. ದುಡ್ಡು ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರೋ ಮೊದಲೇ ತಡೆ ಹಾಕೋಕೆ ಈ ವ್ಯವಸ್ಥೆ ಇರೋದು. ಇಲ್ಲಿ ಲೆಕ್ಕ ದಿನದ್ದಲ್ಲ, ಗಂಟೆಯದ್ದು. ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆ ಪ್ರಕಾರ ನೀವು ಬ್ಯಾಂಕಿಗೆ ತಿಳಿಸಿದ ನಂತರ ಆಗೋ ನಷ್ಟ ಬ್ಯಾಂಕಿನದ್ದು, ಅದಕ್ಕೇ ತಿಳಿಸಿದ ಸಮಯ, ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಕೊನೆಗೆ ಫೋನನ್ನ ಪೂರ್ತಿ ರಿಸೆಟ್ ಮಾಡಿ. ಬರೀ ಆ್ಯಪ್ ತೆಗೆದರೆ ಸಾಲದು, ಕೆಲವು ಐಕಾನ್ ಮುಚ್ಚಿಟ್ಟುಕೊಂಡು ಒಳಗೇ ಕೂತಿರ್ತವೆ. ನಾಚಿಕೆಗೆ ಮನೆಯಲ್ಲಿ ಹೇಳದೆ ಸಂಜೆವರೆಗೆ ಕಾಯೋರಿದ್ದಾರೆ. ಆ ಕಾಯೋ ಹೊತ್ತಲ್ಲೇ ದುಡ್ಡು ಹೋಗೋದು.

ಮೆಮೊರಿ, ಬಿಸಿಲು, ನೀರು

ಮೆಮೊರಿ ತುಂಬೋದು ಬೆಳೆಯ ಫೋಟೋದಿಂದಲ್ಲ, ಇಪ್ಪತ್ತು ಗುಂಪಿನ ಶುಭೋದಯದಿಂದ. ವಾಟ್ಸಾಪ್ ಸೆಟ್ಟಿಂಗ್ಸ್‌ನ 'ಸ್ಟೋರೇಜ್ ಆ್ಯಂಡ್ ಡೇಟಾ'ದಲ್ಲಿ ತಾನಾಗೇ ಡೌನ್‌ಲೋಡ್ ಆಗೋದನ್ನ ನಿಲ್ಲಿಸಿ. ಅಲ್ಲೇ 'ಮ್ಯಾನೇಜ್ ಸ್ಟೋರೇಜ್' ಒತ್ತಿದರೆ ಯಾವ ಗುಂಪು ಎಷ್ಟು ಜಾಗ ತಿಂದಿದೆ ಅಂತ ತೋರಿಸುತ್ತೆ, ನೋಡಿ ನಗು ಬರುತ್ತೆ. ಸ್ಟೋರೇಜಿನ ಐದನೇ ಒಂದು ಭಾಗ ಖಾಲಿ ಇದ್ದರೆ ಅಗ್ಗದ ಫೋನೂ ಚುರುಕಾಗಿ ಓಡುತ್ತೆ. ಗೂಗಲ್ ಖಾತೆಯಲ್ಲಿ ಪುಕ್ಕಟೆ ಸಿಗೋದು 15 ಜಿಬಿ ಮಾತ್ರ, ವಾಟ್ಸಾಪ್ ಬ್ಯಾಕಪ್ ಕೂಡ ಈಗ ಅದರಲ್ಲೇ ಲೆಕ್ಕ. ಆದ್ದರಿಂದ ಬ್ಯಾಕಪ್‌ನಲ್ಲಿ ವಿಡಿಯೋ ಬೇಡ ಅಂತ ಇಡಿ.

ಏಪ್ರಿಲ್-ಮೇನಲ್ಲಿ ನಮ್ಮಲ್ಲಿ 40 ಡಿಗ್ರಿ ದಾಟುತ್ತೆ. ಟ್ರ್ಯಾಕ್ಟರ್ ಬಾನೆಟ್ ಮೇಲೆ, ಬೈಕಿನ ಟ್ಯಾಂಕ್ ಕವರಿನಲ್ಲಿ ಫೋನು ಇಡಬೇಡಿ. ಲಿಥಿಯಂ ಬ್ಯಾಟರಿಗೆ ಬಿಸಿಯೇ ದೊಡ್ಡ ಶತ್ರು, ಒಮ್ಮೆ ಉಬ್ಬಿದರೆ ಬದಲಿಸಲೇಬೇಕು, ಚುಚ್ಚೋದು ಒತ್ತೋದು ಮಾಡಬಾರದು. ಬಿಸಿಯಾದ ಫೋನನ್ನ ಫ್ರಿಜ್ಜಿನಲ್ಲಿಡೋ ಜಾಣರಿದ್ದಾರೆ, ಒಳಗೆ ನೀರು ಹನಿಗಟ್ಟುತ್ತೆ, ಹಾಗೆ ಮಾಡಬೇಡಿ. ಕಾಲುವೆಗೆ, ಜೀವಾಮೃತದ ಡ್ರಮ್ಮಿಗೆ ಬಿದ್ದರೆ ಆಫ್ ಮಾಡಿ, ಸಿಮ್ ತೆಗೆದು, ಚಾರ್ಜಿಂಗ್ ತೂತು ಕೆಳಮುಖ ಮಾಡಿ ಫ್ಯಾನಿನ ಗಾಳಿಗಿಡಿ. ಅಕ್ಕಿ ಡಬ್ಬಿಯಲ್ಲಿ ಹೂಳೋದು ಬೇಡ, ಅಕ್ಕಿಯ ಹುಡಿ ಒಳಗೆ ಹೋಗುತ್ತೆ. ಒಂದು ದಿನ ಚಾರ್ಜ್‌ಗೆ ಹಾಕಬೇಡಿ.

ಮಳೆ, ತೂಕ, ದಿನಚರಿ

ಮಳೆಗೆ ರಾಜ್ಯದ 'ವರುಣ ಮಿತ್ರ' 92433 45433, ದಿನವಿಡೀ ಇರುತ್ತೆ. ನಿಮ್ಮ ಹೋಬಳಿ ಹೇಳಿದರೆ ಮುನ್ಸೂಚನೆ ಕೊಡ್ತಾರೆ. 'ಮೇಘದೂತ' ಆ್ಯಪ್‌ನಲ್ಲಿ ಮಂಗಳವಾರ, ಶುಕ್ರವಾರ ಜಿಲ್ಲೆಯ ಕೃಷಿ ಹವಾಮಾನ ಸಲಹೆ ಬರುತ್ತೆ. ಮುಂಗಾರು ಪೂರ್ವ ಗುಡುಗಿನ ದಿನಗಳಲ್ಲಿ ಹೊಲದಲ್ಲಿರೋರು 'ದಾಮಿನಿ' ಹಾಕ್ಕೊಳ್ಳಿ, ಸುತ್ತಮುತ್ತ ಸಿಡಿಲು ಬೀಳ್ತಿದ್ದರೆ ತೋರಿಸುತ್ತೆ. ಅರಿಷಿಣಕ್ಕೆ ಸಾಂಗ್ಲಿ, ಬೆಲ್ಲಕ್ಕೆ ಮಹಾಲಿಂಗಪುರದ ದರ ಗಾಡಿ ತುಂಬೋ ಮುಂಚೆ ನೋಡಿ, ತುಂಬಿದ ಮೇಲೆ ನೋಡಿ ಏನು ಮಾಡ್ತೀರಿ?

ಸಾವಯವ ಪ್ರಮಾಣಪತ್ರ ಬೇಕಿದ್ದವರಿಗೆ ದಿನಚರಿ ಕಡ್ಡಾಯ. ಕನಿಷ್ಠ ಐದು ರೈತರ ಪಿಜಿಎಸ್ ಗುಂಪಿನಲ್ಲೂ ಯಾವಾಗ ಏನು ಹಾಕಿದೆ ಅಂತ ಕೇಳ್ತಾರೆ. ಪೆನ್ನು ಹಿಡಿಯೋ ಬೇಸರ ಇದ್ದರೆ ವಾಟ್ಸಾಪ್‌ನಲ್ಲಿ ನಿಮ್ಮ ನಂಬರಿಗೇ ಮೆಸೇಜು ಹಾಕ್ಕೊಳ್ಳಿ: "ಇವತ್ತು ಎರಡನೇ ಪ್ಲಾಟಿಗೆ ಜೀವಾಮೃತ 200 ಲೀಟರ್", ಜೊತೆಗೊಂದು ಫೋಟೋ. ದಿನಾಂಕ ತಾನೇ ಬೀಳುತ್ತೆ. ಗೂಗಲ್ ಕೀಬೋರ್ಡಿನಲ್ಲಿ 2017ರಿಂದ ಕನ್ನಡದಲ್ಲಿ ಮಾತಾಡಿ ಬರೆಸಬಹುದು. ನಮ್ಮ ಜಮಖಂಡಿ ಮಾತು ಅದಕ್ಕೆ ಅರ್ಧ ತಿಳಿಯಲ್ಲ, "ಹಾಕೇನಿ" ಅಂದರೆ ಮತ್ತೇನೋ ಬರೀತೈತಿ. ಒಂದು ಸಲ ಓದಿ ತಿದ್ದಿ.

ಕಬ್ಬಿನವರು ಪ್ರತಿ ಗಾಡಿಯ ತೂಕದ ಚೀಟಿಯನ್ನ ಅವತ್ತೇ ಫೋಟೋ ತೆಗೆಯಿರಿ. ಆ ಚೀಟಿಯ ಶಾಯಿ ಮೂರು ತಿಂಗಳಲ್ಲಿ ಮಾಸಿಹೋಗುತ್ತೆ. ತುಂಬಿದ ತೂಕ, ಖಾಲಿ ತೂಕ, ಗಾಡಿ ನಂಬರು, ದಿನಾಂಕ ನಾಲ್ಕೂ ಕಾಣಬೇಕು. 2025-26ರ ಹಂಗಾಮಿಗೆ ಕೇಂದ್ರದ ಎಫ್‌ಆರ್‌ಪಿ ಶೇಕಡಾ 10.25 ಇಳುವರಿಗೆ ಕ್ವಿಂಟಲಿಗೆ 355 ರೂಪಾಯಿ. 1966ರ ಕಬ್ಬು ನಿಯಂತ್ರಣ ಆದೇಶದಲ್ಲಿ ಕಬ್ಬು ಕೊಟ್ಟ 14 ದಿನದೊಳಗೆ ಹಣ ಕೊಡಬೇಕು, ತಡವಾದರೆ ವರ್ಷಕ್ಕೆ ಶೇಕಡಾ 15 ಬಡ್ಡಿ ಅಂತಿದೆ. ಆ 14 ದಿನ ಎಲ್ಲಿಂದ ಎಣಿಸೋದು ಅಂದರೆ ಚೀಟಿಯ ಮೇಲಿನ ದಿನಾಂಕದಿಂದ. ಫೋನಿನ ಕ್ಯಾಲೆಂಡರಿನಲ್ಲಿ ಕೊನೆಯ ಗಾಡಿಯ ದಿನ ಒತ್ತಿ, ಹದಿನೈದನೇ ದಿನಕ್ಕೆ ಒಂದು ರಿಮೈಂಡರ್ ಇಟ್ಟುಬಿಡಿ.